ತೊಳೆದ ನಟ್ಟುಗಳಿಗೆ ನಾನು ಚೀಟಿ ಕಟ್ಟಲಿಲ್ಲ

ಚಿನ್ನೀ, ಪುಟ್ಯಾ, ನಿಮ್ಮ ಆಯಿ ಏನು ಕೆಲಸ ಮಾಡುತ್ತಾಳೆ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ "ಚೀಲಕ್ಕೆ ಬೋಲ್ಟು ತುಂಬುತ್ತಾಳೆ" ಎನ್ನುತ್ತೀರಂತೆ. ಅದು ಸುಳ್ಳಲ್ಲ. ಆದರೆ ನಾನು ತುಂಬದೆ ಬಿಟ್ಟದ್ದೂ ಒಂದಿದೆ. ಅದನ್ನು ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಖಾನಾಪುರದ ಆಚೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಬಸ್ಸಿನಲ್ಲಿ ಸೀಟಿನ ಮೇಲೆ ಯಾರದಾದರೂ ಚೀಲ ಇದ್ದರೆ ತೆಗೆಯಿರಿ ಎನ್ನಲಾಗದೆ ಕಾರ್ಖಾನೆಗಳಿರುವ ಉದ್ಯಮಬಾಗದವರೆಗೂ ನಿಂತೇ ಹೋಗುತ್ತೇನೆ. ನನ್ನ ಗಂಡ, ನಿಮ್ಮ ಅಜ್ಜ, ತೀರಿಕೊಂಡ ಮೇಲೆ ಈ ಕೆಲಸ ಕೊಡಿಸಿದವನು ನನ್ನ ಮೈದುನ, ಅಂದರೆ ನಿಮ್ಮ ಸಣ್ಣಜ್ಜ. ಅವನು ಅಲ್ಲಿಯ ಬೋಲ್ಟಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನ ಒಂದು ಮಾತಿನ ಮೇಲೆ ಸಿಕ್ಕ ಕೆಲಸ, ಅವನ ಒಂದು ಮಾತಿನ ಮೇಲೆ ಹೋಗಬಹುದಾದ ಕೆಲಸ. ನನಗೆ ಬೇರೆ ಆಸರೆ ಇರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ನಾವು ಮಾಡುವುದು ಬಾಗಿಲಿನ ಚಿಲಕಕ್ಕೆ ಹಾಕುವ ಬೋಲ್ಟಲ್ಲ. ಸೇತುವೆಗೆ, ದೊಡ್ಡ ಶೆಡ್ಡುಗಳಿಗೆ ಉಕ್ಕಿನ ತೊಲೆಗಳನ್ನು ಜೋಡಿಸುವ ಬೋಲ್ಟು. ಒಂದೊಂದೂ ನನ್ನ ಹೆಬ್ಬೆರಳಿಗಿಂತ ದಪ್ಪ. ತಲೆಯ ಮೇಲೆ 10.9 ಎಂದು ಅಚ್ಚು ಇರುತ್ತದೆ. ಎಲ್ಲರೂ ಟೆನ್ ಪಾಯಿಂಟ್ ನೈನ್ ಎನ್ನುತ್ತಾರೆ. ಹತ್ತು ಎಂದರೆ ಅದು ಎಷ್ಟು ಎಳೆತ ತಾಳುತ್ತದೆ ಎಂಬುದರ ಗುರುತು. ಒಂಬತ್ತು ಎಂದರೆ, ಆ ಎಳೆತದ ಹತ್ತರಲ್ಲಿ ಒಂಬತ್ತು ಪಾಲು ಬೀಳುವವರೆಗೂ ಅದು ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಉದ್ದಕ್ಕೇ ಬರುತ್ತದೆ. ಅದನ್ನು ದಾಟಿದರೆ ಹಿಗ್ಗಿದ್ದು ಹಿಗ್ಗಿದ ಹಾಗೇ. ಮೊದಲ ಸಲ ಇದನ್ನು ಕೇಳಿದಾಗ ಕಬ್ಬಿಣವೂ ಹಿಗ್ಗುತ್ತದೆಯೇ ಎಂದು ಒಳಗೊಳಗೇ ನಕ್ಕಿದ್ದೆ.

ಬೋಲ್ಟು, ಅದರ ನಟ್ಟು, ಅದರ ವಾಶರ್ ಮೂರನ್ನೂ ಒಟ್ಟಿಗೇ ಪರೀಕ್ಷೆ ಮಾಡಿ, ಒಟ್ಟಿಗೇ ಒಂದು ಚೀಲಕ್ಕೆ ಹಾಕಬೇಕು. ಮೇಲೆ ಲಾಟಿನ, ಅಂದರೆ ಒಟ್ಟಿಗೆ ತಯಾರಾದ ಮಾಲಿನ, ನಂಬರಿನ ಚೀಟಿ ಕಟ್ಟಬೇಕು. ಆ ಚೀಟಿ ಕಟ್ಟುವುದು ನನ್ನ ಕೆಲಸ. ಮೂರೂ ಪರೀಕ್ಷೆಯಾದ ದಿನ ಹೇಗಿದ್ದವೋ ಹಾಗೇ ಇವೆ ಎಂದು ಅದರ ಅರ್ಥ. ನಟ್ಟಿನ ಒಳಗೆ ತೆಳ್ಳಗೆ ಮೇಣ ಹಚ್ಚಿರುತ್ತಾರೆ. ಅದಕ್ಕೆ ಧೂಳು ಹತ್ತಿ ನೋಡಲು ಹೊಲಸಾಗಿ ಕಾಣುತ್ತದೆ. ಆದರೆ ಆ ಮೇಣ ಇದ್ದರೇ ನಟ್ಟು ಸರಿಯಾಗಿ ತಿರುಗಿ ಬೋಲ್ಟನ್ನು ಬೇಕಾದಷ್ಟು ಎಳೆಯುವುದು. ಮೇಣ ಹೋದರೆ ನಟ್ಟು ಬಿಗಿಯುವ ಪಾನಾ ಹಿಡಿದವನ ಬಲವೆಲ್ಲ ತಿಕ್ಕಾಟದಲ್ಲೇ ಮುಗಿಯುತ್ತದೆ. ಅವನ ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಒಳಗೆ ಬೋಲ್ಟು ಎಳೆದೇ ಇರುವುದಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಪರೀಕ್ಷೆ ಮಾಡುವ ಇಂಜಿನಿಯರ್ ಹುಡುಗಿ "ನಟ್ಟಿನ ಮೇಣ ತೆಗೆಯಬಾರದು" ಎಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದಳು.

ಖಂಡೆ ಪೂಜೆ ಬಂತು, ಅದೇ ಆಯುಧ ಪೂಜೆ. ಪ್ರತಿವರ್ಷ ಹಿಂದಿನ ದಿನ ಮಶೀನುಗಳನ್ನೆಲ್ಲ ತೊಳೆದು, ಮುಂದೆ ನೆಲದ ಮೇಲೆ ಬೋಲ್ಟು, ನಟ್ಟುಗಳಿಂದಲೇ ದೊಡ್ಡ ರಂಗೋಲಿ ಹಾಕುವುದು ನಮ್ಮಲ್ಲಿಯ ರೂಢಿ. ಪೂಜೆ ಮುಗಿದ ಮೇಲೆ ಅವು ಗುಜರಿಗೆ ಹೋಗುವಂಥವು. ಈ ಸಲ ರಂಗೋಲಿ ಇನ್ನೂ ದೊಡ್ಡದಾಗಲಿ ಎಂದು ಮೈದುನ ಪರೀಕ್ಷೆಯಾಗಿ ಚೀಲ ತುಂಬಲು ತಯಾರಿದ್ದ ನಟ್ಟುಗಳ ಡ್ರಮ್ಮನ್ನೇ ತೆಗೆಸಿದ. ದೇವರ ಮುಂದೆ ಹೊಲಸು ನಟ್ಟು ಹೇಗೆ ಇಡುವುದು? ಡೀಸೆಲ್ಲಿನಲ್ಲಿ ಅದ್ದಿ, ಸೋಪಿನ ಪುಡಿ ಹಾಕಿ, ಹೆಂಗಸರೆಲ್ಲ ಕೂತು ತಿಕ್ಕಿದರು. ನನ್ನನ್ನು ಕರೆಯಲಿಲ್ಲ. ಗಂಡ ಇಲ್ಲದವಳು ಪೂಜೆಯ ಸಾಮಾನು ಮುಟ್ಟುವುದು ಬೇಡ ಎಂದು ಯಾರೋ ಅಂದರು. ನಮ್ಮ ಮನೆತನದಲ್ಲಿ ಇಂಥ ಮಾತಿಗೆ ಜಾಗವಿಲ್ಲ. ವಿಭೂತಿ ಹಚ್ಚಿಕೊಳ್ಳುವ ಹಣೆಗೆ ಗಂಡ ಇದ್ದರೇನು, ಇಲ್ಲದಿದ್ದರೇನು. ಮೈದುನ ಕೇಳಿಸಿಕೊಂಡೂ ಸುಮ್ಮನಿದ್ದ. ನಾನೂ ಸುಮ್ಮನೆ ಹೋಗಿ ವಾಶರ್ ಆರಿಸುತ್ತ ಕೂತೆ.

ರಂಗೋಲಿ ಚೆನ್ನಾಗಿತ್ತು, ಬೆಳ್ಳಿಯ ಕಮಲದ ಹಾಗೆ.

ಹಬ್ಬ ಮುಗಿಸಿ ಬಂದಾಗ ಅದೇ ನಟ್ಟುಗಳು ನನ್ನ ಮುಂದಿದ್ದವು. ಕೆಲವಕ್ಕೆ ಕುಂಕುಮ ಇನ್ನೂ ಅಂಟಿತ್ತು. ಹೊರಗೆ ಲಾರಿ ನಿಂತಿತ್ತು. ಇಂಜಿನಿಯರ್ ಹುಡುಗಿ ರಜೆಯ ಮೇಲಿದ್ದಳು. ನಾನು ಕೈ ಕಟ್ಟಿಕೊಂಡು ಕೂತದ್ದನ್ನು ಕಂಡು ಮೈದುನ ಬಂದ.

"ಯಾಕ್ರೀ ವೈನಿ, ಚೀಟಿ ಕಟ್ರಿ. ಗಾಡಿ ನಿಂತೈತಿ."

"ಇವು ತೊಳದಾವು ಅದಾವ್ರಿ," ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ತೊಳದ್ರ ಏನಾತು? ದೇವರ ಮುಂದ ಇಟ್ಟು ಪೂಜಿ ಮಾಡಿದ ನಟ್ಟು. ಇವಕ್ಕ ಇನ್ನ್ಯಾವ ಪರೀಕ್ಷಾ ಬೇಕು?"

ನನ್ನ ಬಾಜು ಕೂತು ಚೀಲ ಹೊಲಿಯುತ್ತಿದ್ದವಳು ಶಹಾಪುರದವಳು. ಮನೆಯ ಮಗ್ಗ ನಿಂತ ಮೇಲೆ ನಮ್ಮಲ್ಲಿಗೆ ಬಂದವಳು, ಬಾಯಿ ಬಲು ಜೋರು. ನಟ್ಟು ತಿಕ್ಕಿದವರಲ್ಲಿ ಅವಳೂ ಒಬ್ಬಳು. "ಸಾಹೇಬ್ರ, ದೇವ್ರು ಪಾನಾ ಹಿಡದು ಸೇತುವೆ ಮ್ಯಾಲೆ ಹತ್ತಂಗಿಲ್ರಿ. ಹತ್ತಾಂವ ಯಾರದರ ಮನಿ ಮಗ," ಎಂದಳು.

"ನೀ ಸುಮ್ನಿರಬೇ! ತಿಕ್ಕಾಕ ನೀನ ಮುಂದಿದ್ದಿ."

"ನೀವ ತಿಕ್ಕಸಿದ್ರಿ, ನಾ ತಿಕ್ಕಿದ್ನಿ. ಈಗ ತಿಕ್ಕಿಲ್ಲ ಅಂತ ಚೀಟಿ ಕಟ್ಟಂದ್ರ ಹ್ಯಾಂಗ್ರಿ?"

ನಾಲ್ಕಾರು ಮಂದಿ ನಕ್ಕರು. ಮೈದುನನ ಮುಖ ಕೆಂಪಾಯಿತು. ಲಾಟು ನಿಂತರೆ ಮಾಲೀಕರು ಕೇಳುವುದು ಅವನನ್ನೇ. ಅವನು ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಅಂದ:

"ನಂಗ ಗೊತ್ತೈತಿ ವೈನಿ. ರಂಗೋಲಿ ಹಾಕಾಕ ಕರೀಲಿಲ್ಲಂತ ಸಿಟ್ಟು ನಿಮಗ. ಅದನ್ನ ಈ ನಟ್ಟಿನ ಮ್ಯಾಲೆ ತೀರಿಸ್ಕೊಳ್ಳಾಕ ಹತ್ತೀರಿ."

ಮಶೀನುಗಳು ನಡೆಯುತ್ತಲೇ ಇದ್ದವು, ಆದರೆ ನನಗೆ ಎಲ್ಲ ನಿಂತ ಹಾಗಾಯಿತು. ಇನ್ನೊಂದು ದಿನವಾಗಿದ್ದರೆ ಕಣ್ಣೊರೆಸಿಕೊಂಡು ಕಟ್ಟಿಬಿಡುತ್ತಿದ್ದೆನೋ ಏನೋ. ಅವತ್ತು ಚೀಟಿಗಳ ಕಟ್ಟನ್ನು ತೆಗೆದು ನನ್ನ ತೊಡೆಯ ಕೆಳಗೆ ಇಟ್ಟುಕೊಂಡು ಗಟ್ಟಿಯಾಗಿ ಕೂತೆ.

"ಕರೀಲಿಲ್ಲ, ಅದು ಖರೇ," ಎಂದೆ. "ಸಿಟ್ಟು ಬಂದೈತಿ, ಅದೂ ಖರೇ. ಆದ್ರ ಸಿಟ್ಟು ಇಲ್ದಿದ್ರೂ ನಾ ಇವಕ್ಕ ಚೀಟಿ ಕಟ್ಟಂಗಿಲ್ಲ."

"ಹಂಗಾರ ನಾಳಿಂದ ಬರೂದು ಬ್ಯಾಡ."

"ಬರ್ತೀನ್ರಿ. ಮುಂಜಾನಿ ಬಸ್ಸಿಗೇ ಬರ್ತೀನಿ."

ಅವನು ಶಹಾಪುರದವಳಿಗೆ ಚೀಟಿ ಕಟ್ಟಲು ಹೇಳಿದ. ಅವಳು ಸೂಜಿಯಿಂದ ಕಣ್ಣೆತ್ತದೆ, "ಮೊದ್ಲ ಅಕ್ಕನ್ನ ಎಬ್ಬಸ್ರಿ, ಚೀಟಿ ಆಕಿ ಬುಡಕ ಅದಾವ," ಎಂದಳು. ಅಣ್ಣನ ಹೆಂಡತಿಯನ್ನು ಕೈ ಹಿಡಿದು ಎಬ್ಬಿಸಲು ಅವನಿಗಾಗಲಿಲ್ಲ. ಉಳಿದ ಯಾರೂ ಮುಂದೆ ಬರಲಿಲ್ಲ. ಸಂಜೆ ಲಾರಿ ಖಾಲಿ ಹೋಯಿತು.

ಮನೆಗೆ ಹೋಗಿ ಅಡುಗೆಯನ್ನೂ ಮಾಡಲಿಲ್ಲ. ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೂ ಮರುದಿನ ಅದೇ ಬಸ್ಸಿಗೆ ಹೋದೆ. ಗೇಟಿನವನು ನನ್ನನ್ನು ತಡೆದ. ಒಳಗೆ ಕೇಳಿ ಬರುತ್ತೇನೆ, ಅಲ್ಲಿಯವರೆಗೆ ಹೊರಗೇ ನಿಲ್ಲಿರಿ ಎಂದ. ನಿಂತೆ. ಉದ್ಯಮಬಾಗದ ಅರ್ಧ ಮಂದಿ ನನ್ನನ್ನು ನೋಡುತ್ತ ಹೋದರು. ತಲೆ ತಗ್ಗಿಸಲಿಲ್ಲ. ಅಷ್ಟೊತ್ತು ತಲೆ ಎತ್ತಿ ನಿಂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೊನೆಗೆ, ಅವತ್ತೇ ರಜೆ ಮುಗಿಸಿ ಬಂದಿದ್ದ ಇಂಜಿನಿಯರ್ ಹುಡುಗಿಯೇ ಬಂದು ಒಳಗೆ ಕರೆದುಕೊಂಡು ಹೋದಳು.

ಅವಳು ಮಾಲೀಕರ ಎದುರಿಗೆ ತೊಳೆದ ನಟ್ಟುಗಳನ್ನು ಪರೀಕ್ಷೆಯ ಮಶೀನಿಗೆ ಹಾಕಿದಳು. ಕೆಲವು ಪಾಸಾದವು. ಹೌದು, ಪಾಸಾದವು, ಅದನ್ನೂ ಬರೆಯುತ್ತೇನೆ. ಕೆಲವು ಪೂರ್ತಿ ಬಿಗಿದರೂ ಎಳೆತ ತೋರಿಸುವ ಮುಳ್ಳು ಬೇಕಾದಲ್ಲಿಗೆ ಏರಲಿಲ್ಲ. ಒಂದು ಹಿಡಿದುಕೊಂಡು ತಿರುಗಲೇ ಇಲ್ಲ. ಮಾಲೀಕರು ನನಗೆ ಶಾಬಾಸ್ ಎನ್ನಲಿಲ್ಲ, ಮೈದುನನನ್ನು ಬೈಯಲೂ ಇಲ್ಲ. "ಮತ್ತ ಮೇಣಾ ಹಚ್ಚಸ್ರಿ, ಮತ್ತ ಪರೀಕ್ಷಾ ಮಾಡ್ರಿ, ಹೊಸಾ ನಂಬರ್ ಹಾಕ್ರಿ," ಎಂದು ಹೊರಟುಹೋದರು. ನಾನು ನನ್ನ ಜಾಗಕ್ಕೆ ಹೋಗಿ ಕೂತೆ. ಏಳು ಎಂದು ಯಾರೂ ಅನ್ನಲಿಲ್ಲ. ಹೊಸ ನಂಬರಿನ ಚೀಟಿಗಳು ಬಂದ ದಿನ ಪ್ರತಿಯೊಂದನ್ನೂ ನನ್ನ ಕೈಯಿಂದಲೇ ಕಟ್ಟಿದೆ.

ಆ ಬೋಲ್ಟುಗಳು ಯಾವ ಸೇತುವೆಗೆ ಹೋದವೋ ನನಗೆ ಗೊತ್ತಿಲ್ಲ. ಲೋಂಡಾದ ಕಾಡಿನಲ್ಲೋ, ನಾನು ಕಾಣದ ಊರಿನಲ್ಲೋ. ಅಲ್ಲಿ ಪಾನಾ ಹಿಡಿದವನಿಗೂ ನಾನು ಯಾರೋ ಗೊತ್ತಿಲ್ಲ. ಅವನು ನನ್ನ ಚೀಟಿ ನೋಡಿ ಬಿಗಿಯುತ್ತಾನೆ, ಅಷ್ಟೇ. ಅವನಿಗೆ ಸುಳ್ಳು ಹೇಳು ಎಂದರೆ ನಾನು ಹೇಳುವವಳಲ್ಲ.

ಮೈದುನ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅವರ ಮನೆಯ ದೀಪಾವಳಿಗೆ ನನ್ನನ್ನು ಕರೆಯುವುದಿಲ್ಲ, ನಿಮ್ಮನ್ನು ಕರೆಯುತ್ತಾರೆ. ಹೋಗಿರಿ, ಹೊಟ್ಟೆ ತುಂಬ ಉಂಡು ಬನ್ನಿರಿ. ಅಲ್ಲಿ ಯಾರಾದರೂ "ನಿಮ್ಮ ಆಯಿ ಪೂಜೆಗೆ ಕರೆಯಲಿಲ್ಲವೆಂದು ಲಾರಿ ನಿಲ್ಲಿಸಿದವಳು" ಎಂದು ಹೇಳಿ ನಕ್ಕಾರು. ವಾದಕ್ಕೆ ನಿಲ್ಲಬೇಡಿ. ಅವರು ಮಾತು ಬಲ್ಲವರು, ನಾನು ಬಲ್ಲವಳಲ್ಲ. ನನ್ನ ಕಡೆಯಿಂದ ಮಾತಾಡುವುದು ಈ ಹಾಳೆಗಳು ಮಾತ್ರ. ಇವನ್ನು ನನ್ನ ಟ್ರಂಕಿನಲ್ಲಿ ಇಡಬೇಡಿ, ಅಲ್ಲಿ ಹುಳ ಹಿಡಿಯುತ್ತದೆ. ನಿಮ್ಮ ಮಾರ್ಕ್ಸ್ ಕಾರ್ಡುಗಳ ಜೊತೆ ಇಡಿರಿ, ನೀವು ದೊಡ್ಡವರಾದ ಮೇಲೂ ಯಾರೂ ಎಸೆಯದ ಜಾಗದಲ್ಲಿ.