ಬೀಗ ಬಿದ್ದ ಜಾತಕಗಳು

ಹತ್ರ ಬನ್ನಿ, ಇದು ನಿಮ್ಮಲ್ಲೇ ಇರ್ಲಿ. ಮಾರೇನಹಳ್ಳಿಯ ವಧೂವರರ ಕೇಂದ್ರದಲ್ಲಿ ನಾನು ಕಸ ಗುಡಿಸಿ ಕಾಫಿ ಕೊಡ್ತಿದ್ದೆ. ಯಾವನೋ ಕಳ್ಳ ಎಲ್ಲಿಂದಲೋ ಕಂಪ್ಯೂಟರಿಗೆ ಬೀಗ ಹಾಕಿ, ದುಡ್ಡು ಕೊಟ್ರೆ ತೆಗೀತೀನಿ ಅಂದ. ಜಾತಕವೆಲ್ಲ ಒಳಗೇ ಸಿಕ್ಕಿಬಿದ್ದವು.

ನಷ್ಟ ಎಷ್ಟು ಅಂತ ನೋಡೋಕೆ ಇನ್ಶೂರೆನ್ಸ್ ಕಡೆಯಿಂದ ಒಬ್ಬ ಸಾಹೇಬ ಬಂದ. "ಮತ್ತೆ ಸಿಗದಂಥದ್ದು ಏನಿತ್ತು?" ಅಂತ ಕೇಳಿದ. ಓನರ್ ಹಳೇ ರಸೀದಿ ಪುಸ್ತಕ ತಿರುವಿಹಾಕೋಕೆ ಶುರುಮಾಡಿದ. ನನ್ನ ನಾಲಿಗೆ ನಿಲ್ಲುತ್ತಾ?

"ನಮ್ಮ ಪಕ್ಕದ್ಮನೆ ಸರೋಜನ ಮಗಳದು ಎರಡು ಜಾತಕ ಸಾರ್. ಒಂದು ಕುಜದೋಷ ಇರೋ ನಿಜದ್ದು, ಇನ್ನೊಂದು ತಿದ್ದಿಸಿದ್ದು."

ಆ ಹುಡುಗಿಗೆ ನಿಶ್ಚಯವಾಗಿದ್ದ ಗಂಡಿನ ತಾಯಿ, ಎರಡನೇ ಮಗನ ಜಾತಕ ಮತ್ತೆ ಕೊಡೋಕೆ ಬಂದು ಬೆಂಚಿನ ಮೇಲೇ ಕೂತಿದ್ದಳು. ಕಾಫಿ ಲೋಟ ಕೆಳಗಿಟ್ಟು ಎದ್ದುಹೋದಳು.

ಮದುವೆ ಮುರೀತು. ಹುಡುಗಿ ಹೊಸಿಲು ದಾಟೋದಿಲ್ಲ. ನನಗೂ ಅನ್ನ ಸೇರ್ತಿಲ್ಲ.

ಮೊನ್ನೆ ನಲ್ಲಿ ಹತ್ರ ಸರೋಜ ಮುಖಕ್ಕೇ ಅಂದಳು: "ನಮ್ಮ ಗುಟ್ಟು ಆ ಕಳ್ಳನ ಹತ್ರಾನೇ ಭದ್ರವಾಗಿತ್ತು ಕಣಕ್ಕಾ."