ಮೇಜು ಗುದ್ದುವ ಸಭೆ

ನಮ್ಮ ಸಂಘದ ಸಭೆಯಲ್ಲಿ ಒಪ್ಪಿಗೆಗೆ ಯಾರೂ ಕೈ ಎತ್ತುವುದಿಲ್ಲ, ಮೇಜು ಗುದ್ದುತ್ತೇವೆ. ಅಂಗವಿಕಲರೇ ಕಟ್ಟಿ ನಡೆಸುವ ಸಂಘ ಇದು. ಗಂಗಾವತಿಯಲ್ಲಿ ನಮ್ಮದೊಂದು ತರಬೇತಿ ಕೇಂದ್ರವಿದೆ. ಕೈ ಎತ್ತಿದರೆ ಕಣ್ಣು ಕಾಣದವರಿಗೆ ತಿಳಿಯದು, ಹೂಂ ಅಂದರೆ ಕಿವಿ ಕೇಳದವರಿಗೆ ತಿಳಿಯದು. ಗುದ್ದಿದರೆ ಅವರಿಗೆ ಸದ್ದು ಕೇಳುತ್ತದೆ, ಇವರಿಗೆ ಮೇಜು ಅದುರಿದ್ದು ಅಂಗೈಗೆ ತಿಳಿಯುತ್ತದೆ. ಕೊಪ್ಪಳದಿಂದ ಬಂದಿದ್ದ ಅಧಿಕಾರಿಯೊಬ್ಬರು ಒಮ್ಮೆ ಜಗಳ ಶುರುವಾಯಿತೆಂದು ಬಾಗಿಲ ಕಡೆ ಹೊರಟೇಬಿಟ್ಟಿದ್ದರು.

ನಾನು ಕಾರ್ಯದರ್ಶಿ. ಯಲಬುರ್ಗಾದವಳು. ನನಗಿರುವುದು ಎರಡು ಊರುಗೋಲು, ಒಂದು ನಾಲಿಗೆ. ಜನ ಹೆದರುವುದು ನಾಲಿಗೆಗೆ. ನಿಯಮ ಅಂದರೆ ನನಗೆ ನಿಯಮವೇ. ಅಧ್ಯಕ್ಷರು ಹಿಟ್ನಾಳದವರು, ಕಣ್ಣು ಕಾಣದ ನಿವೃತ್ತ ಸಂಗೀತ ಮೇಷ್ಟ್ರು. ಸಭೆಯಲ್ಲಿ ಎಲ್ಲರಿಗೂ ಚಹಾ ಅವರೇ ಸೋಸಿ ಕೊಡುತ್ತಾರೆ. ಬೇಡವೆಂದರೆ, "ಅಧ್ಯಕ್ಷಗ ಇಷ್ಟರ ಕೆಲಸ ಬ್ಯಾಡೇನವಾ?" ಎನ್ನುತ್ತಾರೆ. ಸಕ್ಕರೆ ಮಾತ್ರ ವಿಪರೀತ.

ಆ ದಿನ ಸಭೆಗೆ ಹುಲಿಹೈದರದ ತಾಯಿಯೊಬ್ಬಳು ಮಗಳನ್ನು ಹೊತ್ತುಕೊಂಡು ಬಂದಿದ್ದಳು. ನಡೆಯಲಾಗದ ಆ ಹುಡುಗಿ ನಮ್ಮಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು. ದಿನಾ ಅವಳನ್ನು ಎತ್ತಿ ಬಸ್ಸು ಹತ್ತಿಸುತ್ತಿದ್ದ ತಾಯಿ ಈಗ ಸೋತಿದ್ದಳು.

"ಮಗಳು ಬೆಳದಾಳ್ರಿ, ನನ್ನ ನಡಾ ಹೋಗೇತಿ. ವ್ಯಾನ್ ಬರ್ಲಿಲ್ಲಂದ್ರ ನಾಳಿಂದ ಇಕಿ ಮನ್ಯಾಗ."

ಹುಡುಗಿ ನೆಲ ನೋಡುತ್ತಿದ್ದಳು. ನನಗೆ ತುಂಬ ಸಂಕಟವಾಯಿತು.

ಸಂಘಕ್ಕಿರುವುದು ಒಂದೇ ವ್ಯಾನು. ಬೆಳಿಗ್ಗೆ ಅದು ಅಧ್ಯಕ್ಷರನ್ನು ಕರೆತರಲು ಹಿಟ್ನಾಳಕ್ಕೆ ಹೋಗುತ್ತದೆ. ಹುಲಿಹೈದರ ಇನ್ನೊಂದೇ ದಿಕ್ಕು. ಹುಡುಗಿಗೆ ವ್ಯಾನು ಕೊಟ್ಟರೆ ಅಧ್ಯಕ್ಷರು ಹೆದ್ದಾರಿಯಲ್ಲಿ ನಿಂತು ಬಸ್ಸು ಹಿಡಿಯಬೇಕು.

"ವ್ಯಾನ್ ಹುಲಿಹೈದರಕ್ಕ ಹೋಗ್ಲಿ ಅನ್ನೋರು ಗುದ್ರಿ," ಎಂದು ಅಧ್ಯಕ್ಷರೇ ಮತ ಕೇಳಿದರು. ಒಬ್ಬರೂ ಗುದ್ದಲಿಲ್ಲ. ಎಲ್ಲರಿಗೂ ಮನಸ್ಸಿತ್ತು, ಧೈರ್ಯವಿರಲಿಲ್ಲ.

"ನನ್ನ ಮಾರಿ ಯಾಕ ನೋಡ್ತೀರಿ? ನಿಮ್ಮ ಮಾರಿ ನನಗೇನು ಕಾಣ್ತಾವೇನು? ಬಸ್ ಹತ್ಸಾಕ ಊರ ತುಂಬ ಶಿಷ್ಯರದಾರ!" ಎಂದು ಅವರು ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು.

ಮೇಜು ಅದುರಿದ್ದೇ ತಡ, ಕಿವಿ ಕೇಳದ ಕುಷ್ಟಗಿಯ ದರ್ಜಿ ಹೆಂಗಸು, ಯಾರೋ ಶುರು ಮಾಡಿದರೆಂದು ಎರಡೂ ಮುಷ್ಟಿಯಿಂದ ಗುದ್ದಿದಳು. ಆ ಸದ್ದಿಗೆ ಉಳಿದವರೂ ಗುದ್ದಿದರು.

"ನಡಿಯಂಗಿಲ್ಲ!" ಎಂದೆ. "ಇದು ಲೋಟದ ಮತ. ಅಧ್ಯಕ್ಷರು ಗುದ್ದೋ ಹಂಗಿಲ್ಲ. ಅದರಾಗ ಇದು ಅವರು ಬರೋ ವ್ಯಾನಿನ ಮಾತು. ಅವರು ಹೊರಗ ಹೋಗಬೇಕು, ಲೋಟಾನೂ ಹೋಗಬೇಕು."

"ಖರೇ ಐತಿ," ಎಂದು ಅಧ್ಯಕ್ಷರು ನಗುತ್ತ ಎದ್ದರು. ಲೋಟಗಳನ್ನೆಲ್ಲ ತಡವಿ ಹುಡುಕಿ ತಟ್ಟೆಯಲ್ಲಿ ಜೋಡಿಸಿಕೊಂಡು ತಾಯಿ ಮಗಳ ಜೊತೆ ಹೊರಗೆ ಹೋದರು. ಬಾಗಿಲು ಹಾಕಿಸಿ, ಬಾಯಲ್ಲೂ ಕೈಸನ್ನೆಯಲ್ಲೂ ಮತ್ತೆ ಕೇಳಿದೆ. ಈ ಸಲ ಗುದ್ದಿದ್ದು ನೋಡಬೇಕಿತ್ತು! ಮೊದಲೇ ಕುಂಟುತ್ತಿದ್ದ ಮೇಜಿನ ಕಾಲು ಕಳಚಿಯೇ ಹೋಯಿತು. ಮೇಜೂ ನಮ್ಮ ಸಂಘಕ್ಕೆ ಸೇರಿತು ಎಂದು ಯಾರೋ ನಕ್ಕರು.

ಸದ್ದು ಅಡಗಿದ ಮೇಲೆ ಹೊರಗಿನಿಂದ ಬಾಗಿಲಿಗೆ ಧಡ್ ಎಂದು ಇನ್ನೊಂದು ಗುದ್ದು ಬಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಅಧ್ಯಕ್ಷರ, ನಿಮಗ ಹೇಳೀನಿ!" ಎಂದು ಬಾಗಿಲು ತೆಗೆದರೆ ಅವರ ಎರಡೂ ಕೈಯಲ್ಲಿ ಲೋಟದ ತಟ್ಟೆ.

"ನಾ ಅಲ್ಲವಾ," ಎಂದರು.

ಹೊಸ್ತಿಲ ಬಳಿ ನೆಲದ ಮೇಲೆ ಕೂತ ತಾಯಿಯ ತೊಡೆಯ ಮೇಲಿದ್ದ ಹುಡುಗಿಯ ಮುಷ್ಟಿ ಇನ್ನೂ ಎತ್ತಿದಂತೆಯೇ ಇತ್ತು. ಮುಖದ ತುಂಬ ನಗು. ಅವಳು ಸಂಘದ ಸದಸ್ಯೆಯಲ್ಲ, ನಿಯಮದ ಪ್ರಕಾರ ಅದು ಮತವೂ ಅಲ್ಲ. ಆದರೂ ಆ ಗುದ್ದನ್ನು ನಾನು ಎಣಿಕೆಗೆ ಸೇರಿಸಿಕೊಂಡೆ. ಯಾರಾದರೂ ತಕರಾರು ತೆಗೆಯಲಿ, ನೋಡಿಕೊಳ್ಳುತ್ತೇನೆ.