ಅರ್ಧ ಬೆಲೆಯ ಕುಟುಂಬ

ಕ್ರೀಡಾಂಗಣದಲ್ಲಿ ಅವಳನ್ನು ಎಲ್ಲರೂ ಗೇಟಮ್ಮ ಎಂದೇ ಕರೆಯುತ್ತಿದ್ದರು. ಟಿಕೆಟ್ ಹರಿದು ಜನರನ್ನು ಒಳಗೆ ಬಿಡುವುದು ಅವಳ ಕೆಲಸ. ಆದರೆ ಅದನ್ನು ಅವಳು ಮಾಡುತ್ತಿದ್ದ ರೀತಿ ನೋಡಿದವರಿಗೆ, ಒಳಗಿರುವುದು ಫುಟ್‌ಬಾಲ್ ಮೈದಾನವಲ್ಲ, ಯಾವುದೋ ಖಜಾನೆ ಎನಿಸಬೇಕು. ಟಿಕೆಟನ್ನು ಬೆಳಕಿಗೆ ಹಿಡಿಯುವಳು, ಬೆರಳಿನಿಂದ ಉಜ್ಜುವಳು, ಆಮೇಲೆ ತಂದವರ ಮುಖವನ್ನೂ ಹಾಗೆಯೇ ತಿರುವಿ ಮುರುವಿ ನೋಡುವಳು. ಏನೂ ತಪ್ಪು ಮಾಡದವರಿಗೂ ಅವಳೆದುರು ನಿಂತರೆ ಎದೆ ಢವಢವ ಎನ್ನುತ್ತಿತ್ತು.

ಅನುಮಾನ ಅವಳ ಹುಟ್ಟುಗುಣವೇನಲ್ಲ. ಗಂಡನೆಂಬ ಪುಣ್ಯಾತ್ಮ ಒಂದು ಸಂಜೆ "ಈಗ ಬಂದೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದವನು ಇನ್ನೂ ಬರುತ್ತಲೇ ಇದ್ದಾನೆ. ಆಗ ಮಗಳು ಕೈಗೂಸು. ಅಂದಿನಿಂದ ಗೇಟಮ್ಮ ಯಾರ ಮಾತನ್ನೂ ನಂಬಿದವಳಲ್ಲ. ಹಾಲಿನವನು ಹಲ್ಲು ಬಿಟ್ಟರೆ ಹಾಲಿಗೆ ನೀರು ಬೆರೆಸಿದ್ದಾನೆ. ಬಿಡದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ. ಪಕ್ಕದ ಮನೆಯಾಕೆ ಊಟಕ್ಕೆ ಕರೆದರೆ ಅವಳಿಗೇನೋ ಕೆಲಸ ಆಗಬೇಕಿದೆ. ಮಗಳ ವಿಷಯವಂತೂ ಕೇಳುವುದೇ ಬೇಡ. ತನ್ನದೆಂದು ಉಳಿದದ್ದು ಅವಳೊಬ್ಬಳು. ಅವಳೂ ಎದ್ದು ಹೋದರೆ ಮನೆಯಲ್ಲಿ ತನಗೆ ಯಾರಿದ್ದಾರೆ ಎಂಬ ಭಯ ಗೇಟಮ್ಮನನ್ನು ಹಗಲಿರುಳು ತಿನ್ನುತ್ತಿತ್ತು.

ಮಗಳು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೇಗ ಬಂದರೆ ಯಾಕೆ ಬೇಗ, ತಡವಾದರೆ ಯಾಕೆ ತಡ, ಹೊಸ ರವಿಕೆ ತೊಟ್ಟರೆ ಯಾರ ಕಣ್ಣಿಗೆ. ಇತ್ತೀಚೆಗೆ ಆ ಹುಡುಗಿ ಪ್ರತಿ ಶನಿವಾರವೂ "ಅಂಗಡೀಲಿ ಆರ್ಡರ್ ಜಾಸ್ತಿಯಮ್ಮ, ಬರೋದು ಲೇಟಾಗುತ್ತೆ" ಎನ್ನತೊಡಗಿದ ಮೇಲೆ ತಾಯಿಯ ತಲೆಗೆ ಹುಳ ಹೊಕ್ಕಿತ್ತು. ಹೋಗಿ ನೋಡಿಬರೋಣವೆಂದರೆ ಶನಿವಾರವೇ ಮ್ಯಾಚು, ಗೇಟು ಬಿಟ್ಟು ಅಲುಗಾಡುವಂತಿಲ್ಲ.

ಆ ವರ್ಷ ತಂಡ ಸೋತೂ ಸೋತೂ ಜನ ಮೈದಾನದ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಟೀವಿ ಕ್ಯಾಮೆರಾದ ಎದುರಿಗಿದ್ದ ಸ್ಟ್ಯಾಂಡು ಬಣಗುಡುತ್ತಿತ್ತು. ಅಪ್ಪಿತಪ್ಪಿ ಒಂದು ಗೋಲು ಬಿದ್ದರೂ ಟೀವಿಯಲ್ಲಿ ಕಾಣುವುದು ಖಾಲಿ ಪ್ಲಾಸ್ಟಿಕ್ ಕುರ್ಚಿಗಳು. ಇದರಿಂದ ಮರ್ಯಾದೆ ಹೋಗುತ್ತಿದೆ ಎಂದು ಕ್ಲಬ್ಬಿನವರು ಫ್ಯಾಮಿಲಿ ಟಿಕೆಟ್ ತಂದರು. ಒಂದೇ ಮನೆಯ ನಾಲ್ವರು ಬಂದರೆ ಅರ್ಧ ಬೆಲೆ. ಕೂರುವುದು ಮಾತ್ರ ಕ್ಯಾಮೆರಾದ ಎದುರಿಗೇ.

"ಸುಮ್‌ಸುಮ್ನೆ ಅರ್ಧ ಬೆಲೆಗೆ ಯಾರು ಕೊಡ್ತಾರೆ? ಇದರಲ್ಲಿ ಏನೋ ಇದೆ," ಎಂದು ಗೇಟಮ್ಮ ಮೊದಲ ದಿನವೇ ಮೂಗು ಮುರಿದಳು.

ಇತ್ತು ಕೂಡ. ಸಾಲಿನಲ್ಲಿ ನಿಂತವರು ಅಲ್ಲಲ್ಲೇ ಸಂಸಾರ ಕಟ್ಟಿಕೊಳ್ಳತೊಡಗಿದರು. "ಸಾರ್, ಒಂದೆರಡು ಗಂಟೆ ನಮ್ಮ ಮಾವ ಆಗ್ತೀರಾ?" ಎಂದು ಕೇಳುವವರು, "ನಿಮ್ಮಲ್ಲಿ ಒಬ್ಬಳು ನಾದಿನಿ ಕಮ್ಮಿ ಇದ್ದಾಳಂತೆ" ಎಂದು ತಾವಾಗಿಯೇ ಸೇರಿಕೊಳ್ಳುವವರು. ಇಂಥವರ ಬೇಳೆ ಗೇಟಮ್ಮನ ಹತ್ತಿರ ಬೇಯುತ್ತಿರಲಿಲ್ಲ. "ಅಪ್ಪಾ, ತಾವು ಮುಂದೆ ದಯಮಾಡಿಸಿ" ಎಂದ ತರುಣನೊಬ್ಬನನ್ನು ಅವಳು ಅಲ್ಲೇ ಹಿಡಿದಳು. ಹೆತ್ತ ಅಪ್ಪನಿಗೆ ಅಷ್ಟು ಮರ್ಯಾದೆ ಕೊಡುವ ಮಗ ಎಲ್ಲಿದ್ದಾನೆ? ಸೀಟು ನಂಬರಿನ ಬಗ್ಗೆ ಕಚ್ಚಾಡುತ್ತ ಇಬ್ಬರು ಮಕ್ಕಳೊಂದಿಗೆ ಬಂದ ದಂಪತಿಯನ್ನು ಮಾತ್ರ ಏನೂ ಕೇಳದೆ ಒಳಗೆ ಬಿಟ್ಟಳು. ಸಂಶಯ ಬಿದ್ದವರನ್ನು ಪಕ್ಕಕ್ಕೆ ಕರೆದು, ಮನೆಯವರ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿ ಎನ್ನುವಳು. ಸುಳ್ಳು ಸಂಸಾರಗಳು ಅಲ್ಲಿಗೆ ಮುಗ್ಗರಿಸುತ್ತಿದ್ದವು.

ಮ್ಯಾನೇಜರನಿಗೆ ಇದರಿಂದ ತಲೆ ಚಿಟ್ಟು ಹಿಡಿದಿತ್ತು. "ಅವರು ಅಣ್ಣತಮ್ಮ ಆಗಿದ್ರೇನು, ಹಗೆಗಳಾಗಿದ್ರೇನು ಗೇಟಮ್ಮ? ಕುರ್ಚಿ ತುಂಬಿದ್ರೆ ಸಾಕು, ಬಿಡಿ," ಎಂದು ಕೈಮುಗಿಯುತ್ತಿದ್ದ. ಹೀಗೆನ್ನುವ ಮ್ಯಾನೇಜರನ ಮೇಲೂ ಅವಳಿಗೆ ಗುಮಾನಿ ಹುಟ್ಟಿತು.

ಫ್ಯಾಮಿಲಿ ಟಿಕೆಟಿನವರಿಗೆ ಎರಡು ಗೇಟುಗಳಿದ್ದವು. ಎಡಗಡೆಯದು ಇವಳದು. ಒಂದು ಶನಿವಾರ ಬಲಗಡೆಯ ಗೇಟಿನ ತಿರುಗುಗಂಬಿ ತಿರುಗದೆ ಕಚ್ಚಿಕೊಂಡು, ಅಲ್ಲಿದ್ದ ಸಾಲನ್ನೆಲ್ಲ ಇವಳ ಕಡೆಗೆ ತಿರುಗಿಸಿದರು. ಕಬ್ಬಿಣದ ಕಂಬಿಗಳ ನಡುವೆ ಒಮ್ಮೆ ಹೊಕ್ಕವರು ಮುಂದೆ ಬರಬೇಕೇ ಹೊರತು ಹಿಂದೆ ಸರಿಯಲು ದಾರಿಯಿಲ್ಲ. ನಾಲ್ಕು ಟಿಕೆಟು ಹಿಡಿದು ಒಬ್ಬ ದಪ್ಪ ಹೆಂಗಸು ಮುಂದೆ ಬಂದಳು.

"ಇವರು ನಮ್ಮ ಯಜಮಾನರು, ಇವನು ಮಗ, ಇವಳು ಸೊಸೆ," ಎಂದಳು.

ಗೇಟಮ್ಮ ತಲೆಯೆತ್ತಿದಳು. ಸೊಸೆಯೆಂದು ನಿಂತಿದ್ದವಳು ಅವಳ ಮಗಳು.

ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೆ ಮರುಗಳಿಗೆಯಲ್ಲೇ ಗೇಟಮ್ಮನಿಗೆ ಹೋದ ಜೀವ ಬಂದಂತಾಯಿತು. ಓಹೋ, ಇದೂ ಅದೇ ಆಟ! ಅಂಗಡಿಗೆ ಚಕ್ಕರ್ ಹೊಡೆದು ಮ್ಯಾಚ್ ನೋಡಲು ಬಂದಿದ್ದಾಳೆ, ಸಾಲಿನಲ್ಲಿ ಇವರಿಗೊಬ್ಬಳು ಕಡಿಮೆಯಿತ್ತು, ಸೇರಿಕೊಂಡಿದ್ದಾಳೆ. ಮಗಳು ಟಿಕೆಟ್ ಕಳ್ಳಿ ಎಂದು ತಿಳಿದು ಅಷ್ಟು ಸಮಾಧಾನಪಟ್ಟ ತಾಯಿ ಲೋಕದಲ್ಲಿ ಇನ್ನೊಬ್ಬಳಿರಲಾರಳು. ಈಗ ಈ ಸಂಸಾರ ಸುಳ್ಳೆಂದು ತೋರಿಸಿಬಿಟ್ಟರೆ ಆಯಿತು, ಮಗಳು ತನ್ನ ಮಗಳಾಗಿಯೇ ಉಳಿಯುತ್ತಾಳೆ.

ಮಗಳು ಏನೋ ಹೇಳಲು ಬಾಯಿ ತೆರೆದಳು.

"ನೀನು ಸುಮ್ನಿರು. ಕೇಳ್ತಿರೋದು ಇವರನ್ನ," ಎಂದು ಗೇಟಮ್ಮ ಗದರಿದಳು. ದಪ್ಪ ಹೆಂಗಸಿನ ಕಡೆ ತಿರುಗಿ, "ಸೊಸೆ ಅಂದ್ರಲ್ಲ. ಇವಳ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ್ದು ಏನಾದ್ರೂ ಹೇಳಿ, ನೋಡೋಣ," ಎಂದಳು.

"ಇದೆಂಥ ಪರೀಕ್ಷೆ ತಾಯಿ!" ಎಂದು ಆ ಹೆಂಗಸು ನಕ್ಕಳು. "ಹಾಲಿನ ಕೆನೆ ಕಂಡ್ರೆ ಇವಳಿಗಾಗಲ್ಲ. ಲೋಟ ದೂರ ತಳ್ಳಿಬಿಡ್ತಾಳೆ."

ನಿಜವಾಗಿತ್ತು. ಗೇಟಮ್ಮನ ಕೈಯಲ್ಲಿದ್ದ ಟಿಕೆಟು ಮುದುಡಿತು. "ಅದು ಬಹಳ ಜನಕ್ಕಾಗಲ್ಲ. ಬೇರೆ ಹೇಳಿ."

"ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ತುದಿ ಹೊರಗೆ ಬಂದಿರುತ್ತೆ. ಅವಳಿಗೇ ಗೊತ್ತಿರಲ್ಲ."

ಇದೂ ನಿಜ. ಆರು ವರ್ಷದವಳಿದ್ದಾಗ ಗೊಂಬೆಗೆ ಅಂಗಿ ಹೊಲಿಯುತ್ತ ಹಾಗೆಯೇ ಕೂರುತ್ತಿದ್ದಳು. ಅದು ಜಗತ್ತಿನಲ್ಲಿ ತನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು ಗೇಟಮ್ಮ. ಹಿಂದಿನ ಸಾಲಿನವರು ಗೊಣಗತೊಡಗಿದರು, ಅತ್ತಲಿಂದ ಮ್ಯಾನೇಜರ್ "ಬೇಗ ಬಿಡಿ, ಟೀವಿಯವರು ಶುರು ಮಾಡ್ತಿದ್ದಾರೆ" ಎಂದು ಕೂಗಿದ.

"ಇನ್ನೊಂದು," ಎಂದಳು ಗೇಟಮ್ಮ. ಅವಳ ಧ್ವನಿ ಆಗಲೇ ಬೇಡಿಕೊಳ್ಳುವಂತಿತ್ತು.

"ಇನ್ನೊಂದಾ? ಇವಳ ನಗು!" ಎಂದಳು ಆ ಹೆಂಗಸು, ಸೊಸೆಯ ಹೆಗಲು ತಟ್ಟುತ್ತ. "ಶುರುವಾಯ್ತು ಅಂದ್ರೆ ನಿಲ್ಲಲ್ಲ ತಾಯಿ. ಹೊಟ್ಟೆ ಹಿಡ್ಕೊಂಡು ನೆಲದ ಮೇಲೆ ಕೂತೇಬಿಡ್ತಾಳೆ. ಮೊನ್ನೆ ಮೇಲಿನ ಮನೆಯವರು ಏನು ಅನಾಹುತ ಆಯ್ತೋ ಅಂತ ಇಳಿದು ಬಂದಿದ್ರು."

ಗೇಟಮ್ಮನ ಕಣ್ಣುಗಳು ಮಿನುಗಿದವು. ಸಿಕ್ಕಿಬಿದ್ದರು!

"ಸುಳ್ಳು! ಈ ಹುಡುಗಿ ಹಾಗೆಲ್ಲ ನಗೋಳಲ್ಲ. ನಕ್ಕಿದ್ದನ್ನೇ ನಾನು ನೋಡಿಲ್ಲ. ಬೇರೆ ಯಾರನ್ನೋ ನೆನೆಸ್ಕೊಂಡು ಹೇಳ್ತಿದ್ದೀರಿ."

"ಅದು ನಿಮಗೆ ಹೇಗೆ ಗೊತ್ತು?" ಎಂದು ಆ ಹೆಂಗಸಿಗೂ ರೇಗಿತು.

"ಹೆತ್ತೋಳು ನಾನು!"

ಸಾಲಿನಲ್ಲಿ ಗೊಣಗುತ್ತಿದ್ದವರು ಕತ್ತು ಚಾಚಿ ನೋಡತೊಡಗಿದರು. ದಪ್ಪ ಹೆಂಗಸು ಗಲ್ಲದ ಮೇಲೆ ಕೈಯಿಟ್ಟು ಸೊಸೆಯ ಕಡೆ ನೋಡಿದಳು. ಅವಳ ಮಗ ಒಂದು ಹೆಜ್ಜೆ ಮುಂದಿಟ್ಟವನು ಹುಡುಗಿ ಕೈ ಅಡ್ಡ ಹಿಡಿದದ್ದರಿಂದ ನಿಂತ.

"ಅತ್ತೆ ಹೇಳಿದ್ದು ಸುಳ್ಳಲ್ಲಮ್ಮ," ಎಂದಳು ಮಗಳು, ಮೆಲ್ಲಗೆ. "ಅಲ್ಲಿ ನಗ್ತೀನಿ."

ಗೇಟಮ್ಮ ಮುದುಡಿದ ಟಿಕೆಟನ್ನು ಬೆರಳಿನಿಂದ ಬಿಡಿಸತೊಡಗಿದಳು.

"ರಿಜಿಸ್ಟರ್ ಮದುವೆ ಆಗಿ ಎರಡು ತಿಂಗಳಾಯ್ತು. ಶನಿವಾರ ಅಂಗಡಿ ಅಂತ ಹೇಳಿ ಇವರ ಮನೆಗೇ ಹೋಗ್ತಿದ್ದೆ. ದಿನಾ ಹೇಳ್ಬೇಕು ಅಂದ್ಕೊಳ್ತೀನಿ. ನೀನು ಕೇಳೋ ಪ್ರಶ್ನೆಗಳನ್ನ ನೆನೆಸ್ಕೊಂಡ್ರೆ ಬಾಯೇ ಬರಲ್ಲ. ಈ ಗೇಟಿಗೆ ಬರಬಾರ್ದು ಅಂತಾನೇ ಆ ಕಡೆ ನಿಂತಿದ್ದೆ. ಮಾವ ಇಷ್ಟಪಟ್ಟು ಕರ್ಕೊಂಡು ಬಂದ್ರು, ಇಲ್ಲ ಅನ್ನೋಕಾಗ್ಲಿಲ್ಲ."

ಹೇಳುವಾಗ ಅವಳು ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಗೇಟಮ್ಮನಿಗೆ ಒಂದೊಂದೇ ನೆನಪಾಯಿತು. ಮಗಳ ತುಟಿ ತುಸು ಅರಳಿದರೂ ಸಾಕು, "ಯಾಕೆ? ಏನಾಯ್ತು? ಯಾರದು?" ಎಂದು ಮೇಲೆ ಬೀಳುತ್ತಿದ್ದವಳು ತಾನೇ ಅಲ್ಲವೇ? ಉತ್ತರ ಹೇಳುವುದಕ್ಕಿಂತ ನಗದಿರುವುದೇ ಸುಲಭವೆಂದು ಆ ಹುಡುಗಿ ಎಂದೋ ಕಲಿತುಬಿಟ್ಟಿದ್ದಳು. ಅದನ್ನು ತಾಯಿ ಮಗಳ ಗಂಭೀರ ಸ್ವಭಾವ ಎಂದುಕೊಂಡು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು.

"ಗೇಟಮ್ಮಾ!" ಎಂದು ಮ್ಯಾನೇಜರ್ ಮತ್ತೆ ಕಿರುಚಿದ.

ಅವಳು ನಾಲ್ಕು ಟಿಕೆಟುಗಳನ್ನೂ ಹರಿದಳು. ಇಷ್ಟು ವರ್ಷ ನೇರವಾಗಿ ಹರಿಯುತ್ತಿದ್ದ ಕೈ ಅಂದು ಅಡ್ಡಾದಿಡ್ಡಿ ಹರಿಯಿತು. ಮಗಳ ಮಾವನೂ ಗಂಡನೂ ಒಳಗೆ ಹೋದರು. ಮಗಳು ಕಂಬಿ ದಾಟಿ ಒಮ್ಮೆ ತಿರುಗಿ ನೋಡಿದಳು, ಆಮೇಲೆ ಜನ ತಳ್ಳಿದ ಕಡೆಗೆ ಹೋದಳು. ದಪ್ಪ ಹೆಂಗಸು ಮಾತ್ರ ನಿಂತು, ಕಂಬಿಯ ಮೇಲಿದ್ದ ಗೇಟಮ್ಮನ ಕೈ ಹಿಡಿದುಕೊಂಡಳು.

"ಬೀಗರೇ, ನಮ್ಮದೂ ತಪ್ಪಿದೆ, ನಾವೇ ಮನೆಗೆ ಬಂದು ಹೇಳ್ಬೇಕಿತ್ತು. ಇಲ್ಲಿ ಕೆಲಸ ಮುಗಿದ ಮೇಲೆ ಒಳಗೆ ಬನ್ನಿ. ಬೇಕಾದಷ್ಟು ಕುರ್ಚಿ ಖಾಲಿ ಬಿದ್ದಿವೆ, ಒಟ್ಟಿಗೆ ಕೂರೋಣ."

ಇಷ್ಟು ಒಳ್ಳೆಯ ಮಾತಾಡುವವಳಿಗೆ ತನ್ನಿಂದ ಏನು ಆಗಬೇಕಿದೆ ಎಂದು ಗೇಟಮ್ಮ ಅಭ್ಯಾಸಬಲದಿಂದ ಆ ಮುಖದಲ್ಲಿ ಹುಡುಕಿದಳು. ಏನೂ ಸಿಗಲಿಲ್ಲ. ಸಿಗದೇ ಹೋದದ್ದಕ್ಕೆ ಅವಳಿಗೆ ಅಳು ಬಂತು.

ಉಳಿದವರನ್ನು ಯಾರ್ಯಾರೆಂದು ಕೇಳದೆ ಒಳಗೆ ಬಿಟ್ಟಳು. ಸಾಲು ಕರಗಿತು, ಆಟ ಶುರುವಾಯಿತು. ಒಳಗೆ ಹೋಗುವ ಮೆಟ್ಟಿಲ ಬುಡಕ್ಕೆ ಬಂದು ನಿಂತವಳಿಗೆ ಮೇಲೆ ಹತ್ತುವ ಧೈರ್ಯ ಬರಲಿಲ್ಲ. ಮೇಲಿನ ಸ್ಟ್ಯಾಂಡಿನಲ್ಲಿ ಏನಾಯಿತೋ, ಜನರೆಲ್ಲ ಹೋ ಎಂದರು, ಯಾರ್ಯಾರೋ ಬಿದ್ದು ಬಿದ್ದು ನಕ್ಕರು. ಹೆಂಗಸರ ನಗುವೂ ಕೇಳಿಸಿತು. ಅದರಲ್ಲಿ ಮಗಳದು ಯಾವುದೆಂದು ಗೇಟಮ್ಮ ಕಿವಿಗೊಟ್ಟು ಕೇಳಿದಳು. ಎಷ್ಟು ಕೇಳಿದರೂ ಅವಳಿಗೆ ಗುರುತು ಸಿಗಲಿಲ್ಲ.